ರನ್‌ವೇ ತಪ್ಪಿತು, ಕೆಮ್ಮಣ್ಣು ಉಳಿಯಿತು: ಶಿರಾಹೊ ಹವಳದ ಕಥೆ



ಊರ ಮುಂದೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಸುದ್ದಿ ಬಂದರೆ ಜನ ಮೊದಲು ಜಮೀನಿನ ಬೆಲೆ ವಿಚಾರಿಸುತ್ತಾರೆ, ಆಮೇಲೆ ಮಕ್ಕಳಿಗೆ ಕೆಲಸ ಸಿಕ್ಕೀತೇ ಎಂದು ಕೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ 1979ರಲ್ಲಿ ಜಪಾನಿನ ಒಂದು ಸಣ್ಣ ಹಳ್ಳಿಯವರು ಇಂಥ ಸುದ್ದಿ ಕೇಳಿ, ಬೇಡ ಎಂದರು. ಕಾರಣ, ಆ ನಿಲ್ದಾಣ ಬರಬೇಕಿದ್ದುದು ಊರ ಮುಂದಿನ ಸಮುದ್ರದಲ್ಲಿ, ಹವಳದ ದಿಬ್ಬದ ಮೇಲೆ. ಆ ಹಳ್ಳಿಯ ಹೆಸರು ಶಿರಾಹೊ. ಇರುವುದು ಒಕಿನಾವಾ ಪ್ರಾಂತದ ಇಶಿಗಾಕಿ ದ್ವೀಪದಲ್ಲಿ. ಟೋಕಿಯೊದಿಂದ ಸುಮಾರು 2,000 ಕಿಲೋಮೀಟರ್ ದೂರ. ಅದಕ್ಕಿಂತ ತೈವಾನೇ ಎಷ್ಟೋ ಹತ್ತಿರ. ಆ ಹಳ್ಳಿಯ ಸಮುದ್ರವನ್ನು ಯಾರು ಅಳೆದರು, ಹೇಗೆ ಅಳೆದರು, ಅಳತೆಯಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ. ನಮ್ಮ ಕರಾವಳಿಯವರಿಗೂ ಅದರಲ್ಲಿ ಕಲಿಯುವುದಿದೆ.

ಹವಳ ಎಂದೊಡನೆ ನಮಗೆ ನೆನಪಾಗುವುದು ಉಂಗುರದ, ಸರದ ಕೆಂಪು ಹವಳ. ಅದು ಆಳದ ಕತ್ತಲಲ್ಲಿ ಬೆಳೆಯುವ ಬೇರೆ ಬಳಗ. ನಾನು ಹೇಳುತ್ತಿರುವುದು ಬಿಸಿಲು ಬೀಳುವ ತಿಳಿನೀರಿನಲ್ಲಿ ದಿಬ್ಬ ಕಟ್ಟುವ ಹವಳ. ಸಾಸಿವೆಯಷ್ಟು, ಹೆಸರುಕಾಳಿನಷ್ಟು ಗಾತ್ರದ ಮೆತ್ತನೆಯ ಜೀವಿಗಳು ಲಕ್ಷಗಟ್ಟಲೆ ಕೂಡಿಕೊಂಡು, ಸಮುದ್ರದ ನೀರಿನಿಂದಲೇ ಸುಣ್ಣ ತೆಗೆದು ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬಿಸಿಲಿನಲ್ಲಿ ತಯಾರಿಸುವ ಆಹಾರದಲ್ಲೇ ಹವಳದ ಹೊಟ್ಟೆ ಬಹುಮಟ್ಟಿಗೆ ತುಂಬುವುದು. ಹಾಗಾಗಿ ಹವಳಕ್ಕೆ ಎರಡು ಬೇಕು: ಬೆಳಕು ಇಳಿಯುವ ನೀರು, ಹದವಾದ ಬಿಸಿ. ನೀರು ಕದಡಿದರೂ ಕಷ್ಟ, ಕಾದರೂ ಕಷ್ಟ.

ಶಿರಾಹೊದ ಹೆಚ್ಚುಗಾರಿಕೆ ನೀಲಿ ಹವಳ. ನೀರಿನಲ್ಲಿ ಜೀವಂತವಾಗಿದ್ದಾಗ ಅದು ಕಂದು ಬಣ್ಣದ್ದೇ. ಮುರಿದರೆ ಮಾತ್ರ ಒಳಗಿನ ಅಸ್ಥಿ ನೀಲಿ. ಇಲ್ಲಿನ ನೀಲಿ ಹವಳದ ತಾಣ ಉತ್ತರ ಗೋಳಾರ್ಧದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ಹಳ್ಳಿಯವರಿಗೆ ಈ ಖ್ಯಾತಿ ಗೊತ್ತಾದದ್ದು ಆಮೇಲೆ. ಅವರಿಗೆ ಗೊತ್ತಿದ್ದದ್ದು ಆ ಸಮುದ್ರ ಅನ್ನ ಕೊಡುತ್ತದೆ ಎಂಬುದು. 1771ರ ಏಪ್ರಿಲ್‌ನಲ್ಲಿ ಬಂದ ಸುನಾಮಿಯಲ್ಲಿ ಶಿರಾಹೊದ 1,574 ಜನರಲ್ಲಿ ಉಳಿದವರು 28 ಮಂದಿ ಎಂದು ದಾಖಲೆಗಳು ಹೇಳುತ್ತವೆ. ಹಾತೆರುಮಾ ದ್ವೀಪದಿಂದ ಜನರನ್ನು ಕರೆತಂದು ಊರನ್ನು ಮತ್ತೆ ಕಟ್ಟಬೇಕಾಯಿತು. ಊರನ್ನು ನುಂಗಿದ್ದೂ ಅದೇ ಸಮುದ್ರ, ಮತ್ತೆ ಸಾಕಿದ್ದೂ ಅದೇ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹಸಿವಿನ ದಿನಗಳಲ್ಲಿ ಇಳಿತದ ಹೊತ್ತಿಗೆ ಹವಳದ ದಿಬ್ಬಕ್ಕೆ ನಡೆದು ಹೋಗಿ ಮೀನು, ಚಿಪ್ಪು, ಪಾಚಿ ಆಯ್ದು ತಂದು ಹೊಟ್ಟೆ ಹೊರೆದವರು ಈ ಊರಿನವರು. ಆ ನೀರಿಗೆ ಮಣ್ಣು ಸುರಿಯುತ್ತೇವೆ ಎಂದರೆ ಸುಮ್ಮನಿರುವವರು ಯಾರು?

ಸರ್ಕಾರದ ಕಡೆಯ ಮಾತೂ ಸುಳ್ಳಲ್ಲ. ಹಳೆಯ ನಿಲ್ದಾಣದ ರನ್‌ವೇ ಉದ್ದ 1,500 ಮೀಟರ್ ಮಾತ್ರ. ಜೆಟ್ ವಿಮಾನ ಹೊಟ್ಟೆತುಂಬ ಇಂಧನ ತುಂಬಿಕೊಂಡು ಅಲ್ಲಿಂದ ಏಳುವಂತಿರಲಿಲ್ಲ. ಟೋಕಿಯೊಗೆ ಹೊರಟ ವಿಮಾನ ದಾರಿಯಲ್ಲಿ ಮಿಯಾಕೊ ದ್ವೀಪದಲ್ಲಿ ಇಳಿದು ಇಂಧನ ಹಾಕಿಸಿಕೊಳ್ಳಬೇಕಿತ್ತು. ದ್ವೀಪದ ವ್ಯಾಪಾರಸ್ಥರಿಗೆ, ರೋಗಿಗಳಿಗೆ, ಹೂ ಹಣ್ಣು ಕಳಿಸುವ ರೈತರಿಗೆ ದೊಡ್ಡ ನಿಲ್ದಾಣ ಬೇಕೇ ಬೇಕಿತ್ತು. ಹೀಗಾಗಿ ಜಗಳ ಒಳ್ಳೆಯವರಿಗೂ ಕೆಟ್ಟವರಿಗೂ ನಡುವಿನದ್ದಾಗಿರಲಿಲ್ಲ. ನೆರೆಹೊರೆಯವರ ನಡುವೆ, ಅಣ್ಣತಮ್ಮಂದಿರ ನಡುವೆ ನಡೆಯಿತು. ಶಿರಾಹೊದಲ್ಲೇ ಎರಡು ಬಣವಾಯಿತು.

ಈ ಜಗಳದಲ್ಲಿ ತಕ್ಕಡಿ ತಿರುಗಿಸಿದ್ದು ಘೋಷಣೆಗಳಷ್ಟೇ ಅಲ್ಲ, ನೀರಿಗಿಳಿದು ತಂದ ಲೆಕ್ಕವೂ ಹೌದು. 1980ರ ದಶಕದಲ್ಲಿ ಜೀವವಿಜ್ಞಾನಿಗಳು, ಅವರಲ್ಲಿ ಒಕಿನಾವಾದಲ್ಲೇ ನೆಲೆಸಿದ್ದ ಅಮೆರಿಕದ ಕ್ಯಾಥರೀನ್ ಮ್ಯೂಜಿಕ್ ಕೂಡ ಒಬ್ಬರು, ಈ ದಿಬ್ಬಗಳಲ್ಲಿ ಮುಳುಗಿ ನೋಡಿ ಜಗತ್ತಿಗೆ ಹೇಳತೊಡಗಿದರು. ಒಕಿನಾವಾದ ಬೇರೆ ಕಡೆಗಳಲ್ಲಿ ಹವಳ ಬಹುಪಾಲು ಹಾಳಾಗಿದೆ, ಇಲ್ಲಿ ಇನ್ನೂ ಜೀವ ಇದೆ ಎಂಬುದು ಅವರ ವಾದದ ತಿರುಳು. 1987ರಲ್ಲಿ ಸರ್ಕಾರ ಸ್ವಲ್ಪ ಸಡಿಲಿಸಿತು. ರನ್‌ವೇಯನ್ನು 2,500 ಮೀಟರಿನಿಂದ 2,000 ಮೀಟರಿಗೆ ಇಳಿಸುತ್ತೇವೆ, ನೀಲಿ ಹವಳದ ಜಾಗ ತಪ್ಪುತ್ತದೆ ಎಂದಿತು. ಆಗ ಎದುರಾದ ಪ್ರಶ್ನೆ ಇದು: ದಿಬ್ಬವೆಂದರೆ ನೀಲಿ ಹವಳ ಒಂದೇ ಏನು? ದಡಕ್ಕೂ ದಿಬ್ಬದ ಹೊರ ಅಂಚಿಗೂ ನಡುವೆ ನೀರು ಓಡಾಡುವ ದಾರಿಯ ಮೇಲೆಯೇ ಎಲ್ಲ ಹವಳ ನಿಂತಿದೆ. ಆ ದಾರಿಗೆ ಮಣ್ಣು ತುಂಬಿದರೆ ಪಕ್ಕದಲ್ಲಿ ಉಳಿಸಿದ ಹವಳಕ್ಕೂ ಉಸಿರು ಕಟ್ಟುತ್ತದೆ. 1988ರಲ್ಲಿ ಕೋಸ್ಟರಿಕಾದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆ ಶಿರಾಹೊವನ್ನು ಉಳಿಸಿ ಎಂದು ಜಪಾನನ್ನು ಕೇಳಿಕೊಂಡಿತು. ಮರುವರ್ಷ, 1989ರಲ್ಲಿ, ಶಿರಾಹೊದ ನೀರಿನ ಮೇಲಿನ ಯೋಜನೆಯನ್ನು ಕೈಬಿಡಲಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಸೂಚಿಸಿದ ಒಂದು ಜಾಗದ ಮಗ್ಗುಲಲ್ಲೂ ಹವಳ ಇತ್ತು. ಇನ್ನೊಂದು ಕಡೆ ರೈತರ ಹೊಲ ಹೋಗುತ್ತಿತ್ತು, ಅವರು ಒಪ್ಪಲಿಲ್ಲ. ಕೊನೆಗೆ 2000ರಲ್ಲಿ ಕಾರಾದಾಕೆ ಎಂಬ ಗುಡ್ಡದ ಬಳಿಯ ನೆಲವನ್ನು ಆರಿಸಿದರು. ಅದೇ ಜಾಗದ ಒಂದು ಗುಹೆಯಲ್ಲಿ ಮನುಷ್ಯರ ಮೂಳೆ ಸಿಕ್ಕಿ, ಅವುಗಳಲ್ಲಿ ಕೆಲವು ಸುಮಾರು 27,000 ವರ್ಷ ಹಳೆಯವೆಂದು ತಿಳಿದುಬಂತು. ಹೊಸ ನಿಲ್ದಾಣ ತೆರೆದದ್ದು 2013ರ ಮಾರ್ಚ್ 7ರಂದು. ಮೊದಲ ಘೋಷಣೆಯಿಂದ ಲೆಕ್ಕ ಹಾಕಿದರೆ 34 ವರ್ಷ. ಅಷ್ಟು ವರ್ಷ ಕಾಯಬೇಕಾಯಿತಲ್ಲ ಎಂದು ದ್ವೀಪದಲ್ಲಿ ಗೊಣಗಿದವರಿದ್ದಾರೆ. ಆದರೆ ಈಗ ನಿಲ್ದಾಣವೂ ಇದೆ, ದಿಬ್ಬವೂ ಇದೆ.

ಇನ್ನು ಹವಳವನ್ನು ಎಣಿಸುವುದು ಹೇಗೆ? ದೊಡ್ಡ ಹಡಗು, ದೊಡ್ಡ ಯಂತ್ರ ಬೇಕೆಂದು ನಾವು ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ ಬಹಳ ಸರಳ. ಅದಕ್ಕೆ ಅವರು ‘ಸ್ಪಾಟ್ ಚೆಕ್’ ಎನ್ನುತ್ತಾರೆ. ಸುಮಾರು 50 ಮೀಟರ್ ಉದ್ದ, 50 ಮೀಟರ್ ಅಗಲದ ಒಂದು ಜಾಗ. ಅದರ ಮೇಲೆ ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರುಕೊಳವೆ ಹಾಕಿಕೊಂಡು 15 ನಿಮಿಷ ಈಜುತ್ತಾರೆ. ಕೈಯಲ್ಲೊಂದು ಹಲಗೆ, ನೀರಿನಲ್ಲಿ ಬರೆಯುವ ಪೆನ್ಸಿಲ್. ತಳದಲ್ಲಿ ನೂರಕ್ಕೆ ಎಷ್ಟು ಭಾಗ ಜೀವಂತ ಹವಳ, ಎಷ್ಟು ಭಾಗ ಬಿಳಿಚಿದೆ, ಕವಲು ಜಾತಿ ಹೆಚ್ಚೋ ಮೇಜಿನಂತೆ ಹರಡುವ ಜಾತಿ ಹೆಚ್ಚೋ, ಮರಿ ಹವಳಗಳು ಕಾಣುತ್ತಿವೆಯೇ ಎಂದು ಬರೆದುಕೊಳ್ಳುತ್ತಾರೆ. ಜೊತೆಗೆ ಮುಳ್ಳುಕಿರೀಟದ ನಕ್ಷತ್ರಮೀನುಗಳನ್ನು ಎಣಿಸುತ್ತಾರೆ. ಹವಳದ ಮೇಲೆ ಹತ್ತಿ ಕೂತು, ತನ್ನ ಹೊಟ್ಟೆಯನ್ನೇ ಹೊರಗೆ ಚಾಚಿ ಹವಳವನ್ನು ಕರಗಿಸಿ ತಿನ್ನುವ ಪ್ರಾಣಿ ಅದು. 15 ನಿಮಿಷದಲ್ಲಿ ಒಂದು ಕಂಡರೆ ಸಹಜ. ಹತ್ತು ದಾಟಿದರೆ ದಂಡೆತ್ತಿ ಬಂದಿದೆ ಎಂದೇ ಅರ್ಥ.

ಈ ಲೆಕ್ಕದಲ್ಲಿ ಯಾವುದೂ ಕೂದಲೆಳೆಯಷ್ಟು ನಿಖರವಲ್ಲ, ಕಣ್ಣಂದಾಜು. ಆದರೂ ಅದೇ ಜಾಗಕ್ಕೆ ಪ್ರತಿವರ್ಷ ಹೋಗಿ, ಅದೇ ಕ್ರಮದಲ್ಲಿ, ಅದೇ ಹೊತ್ತು ನೋಡಿ ಬರೆದರೆ ಆ ಸಾಲಿಗೆ ಬೆಲೆ ಬರುತ್ತದೆ. ಜಪಾನಿನ ಪರಿಸರ ಸಚಿವಾಲಯ 2003ರಲ್ಲಿ, ಕಾಡು, ಕೆರೆ, ಕಡಲು ಸೇರಿ ದೇಶದಲ್ಲಿ ಸುಮಾರು ಸಾವಿರ ಜಾಗಗಳನ್ನು ನೂರು ವರ್ಷ ಬಿಡದೆ ಗಮನಿಸುವ ಕೆಲಸಕ್ಕೆ ಕೈಹಾಕಿತು. ಹವಳದ ದಿಬ್ಬಗಳೂ ಅದರಲ್ಲಿ ಸೇರಿವೆ. ನೂರು ವರ್ಷ ಎಂದರೆ, ಶುರುಮಾಡಿದವರು ಯಾರೂ ಮುಗಿಸುವುದಿಲ್ಲ ಎಂದು ಗೊತ್ತಿದ್ದೇ ಶುರುಮಾಡಿದ ಕೆಲಸ.

ಶಿರಾಹೊದವರಿಗೆ ರನ್‌ವೇಗಿಂತ ಮೊದಲೂ ಒಬ್ಬ ಶತ್ರು ಇದ್ದ, ಆಮೇಲೂ ಉಳಿದ. ಅದು ಕೆಮ್ಮಣ್ಣು. ಒಕಿನಾವಾ 1972ರಲ್ಲಿ ಅಮೆರಿಕದ ಆಡಳಿತದಿಂದ ಜಪಾನಿಗೆ ಮರಳಿತು. ಆಮೇಲೆ ರಸ್ತೆ, ಅಣೆಕಟ್ಟು, ಹೊಲ ಸಮತಟ್ಟು ಮಾಡುವ ಕೆಲಸಗಳು ಭರದಿಂದ ನಡೆದವು. ಗುಡ್ಡ ಕಡಿದರು, ಸಣ್ಣ ಹಿಡುವಳಿಗಳನ್ನು ಕೂಡಿಸಿ ಇಳಿಜಾರಿನ ದೊಡ್ಡ ಹೊಲ ಮಾಡಿದರು. ಮಳೆ ಬಂದಾಗಲೆಲ್ಲ ಹಳ್ಳಗಳು ಕೆಂಪಾಗಿ ಹರಿದು ಸಮುದ್ರ ಸೇರಿದವು. ಕೆಮ್ಮಣ್ಣಿನ ನುಣ್ಣನೆಯ ಧೂಳು ಹವಳದ ಮೇಲೆ ಕೂತರೆ ಬೆಳಕು ತಪ್ಪುತ್ತದೆ. ಅದನ್ನು ಕೊಡವಲು ಹವಳ ಲೋಳೆ ಸುರಿಸುತ್ತಾ ಶಕ್ತಿಯೆಲ್ಲ ಕಳೆದುಕೊಳ್ಳುತ್ತದೆ. ಮರಿ ಹವಳ ಬಂದು ಅಂಟಿಕೊಳ್ಳಲು ಶುದ್ಧವಾದ ಕಲ್ಲೇ ಇರುವುದಿಲ್ಲ.

ಈ ಮಣ್ಣನ್ನು ಅಳೆಯಲು ಒಕಿನಾವಾದ ಸಂಶೋಧಕ ಓಮಿಜಾ ತಾತ್ಸುವೊ ಒಂದು ವಿಧಾನ ರೂಪಿಸಿದರು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೈಸ್ಕೂಲಿನ ಮಕ್ಕಳೂ ಮಾಡಬಹುದಾದದ್ದು ಅದು. ಸಮುದ್ರದ ತಳದ ಮರಳನ್ನು ಒಂದು ಡಬ್ಬಿಯಲ್ಲಿ ತುಂಬಿ ತರುತ್ತಾರೆ. ಜರಡಿ ಹಿಡಿದು ಕಲ್ಲು, ಚಿಪ್ಪು ತೆಗೆಯುತ್ತಾರೆ. ಉಳಿದದ್ದನ್ನು ಚಮಚದಲ್ಲಿ ಅಳೆದು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ನಲ್ಲಿ ನೀರು ತುಂಬಿ, ಚೆನ್ನಾಗಿ ಕುಲುಕುತ್ತಾರೆ. ಒಂದು ನಿಮಿಷ ಅಲುಗಿಸದೆ ಇಡುತ್ತಾರೆ. ಹವಳದ ಮರಳು ಭಾರ. ಆ ಹೊತ್ತಿಗೆ ತಳ ಸೇರಿರುತ್ತದೆ. ಕೆಮ್ಮಣ್ಣು ಮಾತ್ರ ತೇಲುತ್ತಿರುತ್ತದೆ. ಮೇಲಿನ ಆ ಕದಡು ನೀರನ್ನು ಸಿರಿಂಜಿನಲ್ಲಿ ತೆಗೆದು, ನೀರು ಬೆರೆಸಿ ತೆಳುಮಾಡಿ, 30 ಸೆಂಟಿಮೀಟರ್ ಎತ್ತರದ ಪಾರದರ್ಶಕ ಕೊಳವೆಗೆ ಸುರಿಯುತ್ತಾರೆ. ಕೊಳವೆಯ ತಳದಲ್ಲಿ ಒಂದು ಗೀಟಿನ ಗುರುತು ಇರುತ್ತದೆ. ಮೇಲಿನಿಂದ ಇಣುಕಿ, ಎಷ್ಟು ಎತ್ತರದ ನೀರಿನ ತನಕ ಆ ಗುರುತು ಕಾಣುತ್ತದೆ ಎಂದು ನೋಡುತ್ತಾರೆ. ಅದರಿಂದ ಒಂದು ಘನ ಮೀಟರ್ ಮರಳಿನಲ್ಲಿ ಎಷ್ಟು ಕಿಲೋ ಮಣ್ಣಿದೆ ಎಂಬ ಲೆಕ್ಕ ಸಿಗುತ್ತದೆ. 50 ಕಿಲೋ ದಾಟಿದರೆ ಅದು ಮನುಷ್ಯರ ಕೆಲಸದಿಂದಲೇ ಬಂದ ಮಣ್ಣು ಎಂದು ಅವರ ಪಟ್ಟಿ ಹೇಳುತ್ತದೆ.

ಬಾಟಲಿ, ಚಮಚ, ಕೊಳವೆ. ಇಷ್ಟೇ ಸಾಮಾನು. ಇಂಥ ಅಳತೆಗಳು ವರ್ಷಗಟ್ಟಲೆ ಸೇರಿದಾಗ, ಮಣ್ಣು ಬರುತ್ತಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. 1994ರಲ್ಲಿ ಒಕಿನಾವಾ ಪ್ರಾಂತವು ಕೆಮ್ಮಣ್ಣು ಹರಿದುಹೋಗುವುದನ್ನು ತಡೆಯುವ ನಿಯಮ ಮಾಡಿತು. ಮರುವರ್ಷ ಅದು ಜಾರಿಗೆ ಬಂತು. ಒಂದು ಸಾವಿರ ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಮಣ್ಣು ಅಗೆಯುವವರು ಮೊದಲೇ ತಿಳಿಸಬೇಕು. ಅಲ್ಲಿಂದ ಹೊರಬೀಳುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂಗಿಂತ ಹೆಚ್ಚು ಮಣ್ಣು ಇರಬಾರದು. ಗುತ್ತಿಗೆದಾರರು ಹೊಂಡ ತೋಡಿ ನೀರು ತಂಗಿಸಿ ಬಿಡುವುದನ್ನು ಕಲಿತರು. ಕಾಮಗಾರಿಗಳಿಂದ ಬರುವ ಮಣ್ಣು ಬಹಳ ಕಡಿಮೆಯಾಯಿತು.

ಆಗ ಇನ್ನೊಂದು ಸತ್ಯ ಹೊರಬಿತ್ತು. ಉಳಿದ ಮಣ್ಣಿನಲ್ಲಿ ಹೆಚ್ಚಿನ ಪಾಲು ಹೊಲಗಳದ್ದು. ಇಶಿಗಾಕಿಯ ಮುಖ್ಯ ಬೆಳೆ ಕಬ್ಬು. ಅಲ್ಲಿ ಕಬ್ಬನ್ನು ಬೇಸಿಗೆಯ ಕೊನೆಯಲ್ಲಿ, ಆಗಸ್ಟ್ ಸುಮಾರಿಗೆ ನೆಡುವ ರೂಢಿ ಇದೆ. ವರ್ಷದ ಮೊದಲ ತಿಂಗಳುಗಳಲ್ಲಿ ಕಟಾವು ಮುಗಿದರೆ, ಮೇ ಜೂನಿನ ಮಳೆಗಾಲದಲ್ಲೂ ಅದರ ಹಿಂದೆಯೇ ಬರುವ ಚಂಡಮಾರುತಗಳಲ್ಲೂ ಹೊಲ ಬತ್ತಲೆ. ನಮ್ಮ ಮಂಡ್ಯ, ಬೆಳಗಾವಿಯ ರೈತರಿಗೆ ಇದಕ್ಕೆ ಪರಿಹಾರ ಹೇಳಿಕೊಡಬೇಕಾಗಿಲ್ಲ: ಕಡಿದ ಬುಡದಿಂದಲೇ ಚಿಗುರುವ ಕೂಳೆ ಬಿಡಿ ಎನ್ನುತ್ತಾರೆ. ಒಕಿನಾವಾದಲ್ಲೂ ಕೃಷಿ ಇಲಾಖೆಯವರು ಅದನ್ನೇ ಹೇಳುತ್ತಿದ್ದಾರೆ. ಕೂಳೆ ಕಬ್ಬಿನ ಬೇರು ನೆಲ ಹಿಡಿದಿರುತ್ತದೆ, ಉಳುಮೆ ತಪ್ಪುತ್ತದೆ. ಇಲ್ಲವಾದರೆ ಖಾಲಿ ಹೊಲಕ್ಕೆ ಹಸಿರೆಲೆ ಗೊಬ್ಬರದ ಬೆಳೆ ಹಾಕಿ ಎನ್ನುತ್ತಾರೆ. ಶಿರಾಹೊದಲ್ಲಿ ಹೊಲದ ಅಂಚಿಗೆ ‘ಗೆಟ್ಟೊ’ ಎಂಬ ಗಿಡ ನೆಡುವ ಕೆಲಸ ನಡೆಯಿತು. ಶುಂಠಿ, ಏಲಕ್ಕಿಯ ಬಳಗದ ಗಿಡ ಅದು. ಒತ್ತಾಗಿ ಬೆಳೆದು ಮಣ್ಣನ್ನು ತಡೆಯುತ್ತದೆ. ಅದರ ಎಲೆಯಿಂದ ಸುಗಂಧದ ಎಣ್ಣೆ ಸಿಗುವುದರಿಂದ ನೆಟ್ಟವರ ಕೈಗೆ ನಾಲ್ಕು ಕಾಸೂ ಬರುತ್ತದೆ. ಆ ನಾಲ್ಕು ಕಾಸು ಮುಖ್ಯ. ಹವಳಕ್ಕಾಗಿ ನಷ್ಟ ಮಾಡಿಕೊಳ್ಳಿ ಎಂದರೆ ರೈತ ಒಂದು ವರ್ಷ ಕೇಳಿಯಾನು, ಹತ್ತು ವರ್ಷ ಕೇಳುವುದಿಲ್ಲ.

2000ದಲ್ಲಿ ವಿಶ್ವ ವನ್ಯಜೀವಿ ನಿಧಿಯ ಜಪಾನ್ ಶಾಖೆ ಶಿರಾಹೊದಲ್ಲೇ ಒಂದು ಹವಳ ಸಂರಕ್ಷಣಾ ಕೇಂದ್ರ ತೆರೆಯಿತು. ಹೊರಗಿನಿಂದ ಬಂದ ಸಂಶೋಧಕರೂ ಊರಿನವರೂ ಕೂಡಿ ಕೆಮ್ಮಣ್ಣಿನ ಅಳತೆಯನ್ನು ಬಿಡದೆ ಮಾಡಿಕೊಂಡು ಬಂದರು. 2006ರಲ್ಲಿ ಊರಿನವರು ತಮಗೆ ತಾವೇ ಒಂದು ಊರಿನ ಸಂವಿಧಾನ ಬರೆದುಕೊಂಡರು; ಸಮುದ್ರ ಕಾಯುವುದು ಅದರಲ್ಲಿ ಒಂದು ಕಟ್ಟಳೆ. ಅದೇ ವರ್ಷ, ಬಳಕೆ ತಪ್ಪಿ ಕುಸಿದಿದ್ದ ಹಳೆಯ ಕಲ್ಲಿನ ಕಟ್ಟೆಯೊಂದನ್ನು ಮತ್ತೆ ಕಟ್ಟಿದರು. ಉಬ್ಬರದಲ್ಲಿ ಒಳಗೆ ಬಂದ ಮೀನು ಇಳಿತದಲ್ಲಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಮೊಣಕಾಲು ನೀರಿನಲ್ಲಿ ನಿಂತು ಹಿಡಿಯುತ್ತಾರೆ. ಸಮುದ್ರಕ್ಕೆ ಕಾಲಿಡದ ಮಕ್ಕಳು ನಾಳೆ ಸಮುದ್ರದ ಪರ ಮಾತಾಡುವುದಿಲ್ಲ ಎಂಬುದು ಹಿರಿಯರ ಲೆಕ್ಕಾಚಾರ. 2007ರಲ್ಲಿ ಈ ಭಾಗದ ಸಮುದ್ರ ಇರಿಯೊಮೊಟೆ-ಇಶಿಗಾಕಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು.

ಇಷ್ಟೆಲ್ಲ ಮಾಡಿದ ಮೇಲೆ ಹವಳ ಉಳಿಯಿತೇ? ಪೂರ್ತಿ ಉಳಿಯಿತು ಎನ್ನುವಂತಿಲ್ಲ. ಇಶಿಗಾಕಿಗೂ ಇರಿಯೊಮೊಟೆಗೂ ನಡುವೆ ಸೆಕಿಸೇ ಎಂಬ ವಿಶಾಲವಾದ ಹವಳದ ಸಮುದ್ರ ಇದೆ. 2016ರ ಬೇಸಿಗೆಯಲ್ಲಿ ಅಲ್ಲಿನ ನೀರು ವಾರಗಟ್ಟಲೆ ಕಾದು ಕೂತಿತು. ನೀರು ಕಾದರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕುತ್ತದೆ; ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. ಪರಿಸರ ಸಚಿವಾಲಯದವರು ಆ ವರ್ಷ 35 ಜಾಗಗಳಿಗೆ ಮತ್ತೆ ಮತ್ತೆ ಹೋಗಿ ನೋಡಿದರು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸರಾಸರಿ ಶೇಕಡಾ 97ರಷ್ಟು ಹವಳ ಬಿಳಿಚಿತ್ತು. ವರ್ಷದ ಕೊನೆಯ ಹೊತ್ತಿಗೆ ಶೇಕಡಾ 70ರಷ್ಟು ಸತ್ತಿತ್ತು. 2022ರಲ್ಲಿ ಮತ್ತೆ ಅದೇ ಪಾಡು. ಕಾಯುವ ಗಡಿ ಹಾಕಿದ್ದರೂ, ಉದ್ಯಾನವೆಂದು ಘೋಷಿಸಿದ್ದರೂ ಬಿಸಿನೀರು ಕೇಳಲಿಲ್ಲ.

ಹಾಗಾದರೆ ಕೆಮ್ಮಣ್ಣು ತಡೆದು ಏನು ಬಂತು ಎಂದು ಕೇಳಬಹುದು. ಬಂದದ್ದು ಇದು: ಬಿಸಿಗೆ ಸತ್ತ ಜಾಗದಲ್ಲಿ ಮರಿ ಹವಳ ಬಂದು ಕೂರಬೇಕಾದರೆ ತಳ ಶುದ್ಧವಾಗಿರಬೇಕು, ನೀರು ತಿಳಿಯಾಗಿರಬೇಕು. ಜ್ವರದಿಂದ ಎದ್ದವನಿಗೆ ಗಂಜಿ ಬೇಕಾದ ಹಾಗೆ. ಸಮುದ್ರದ ಬಿಸಿಯನ್ನು ಇಳಿಸುವುದು ಒಂದು ಹಳ್ಳಿಯ ಕೈಯಲ್ಲಿಲ್ಲ. ಅದಕ್ಕೆ ಇಡೀ ಜಗತ್ತು ಹೊಗೆ ಕಡಿಮೆ ಮಾಡಬೇಕು. ಮಣ್ಣು ತಡೆಯುವುದು ಹಳ್ಳಿಯ ಕೈಯಲ್ಲಿದೆ.

ಇನ್ನೊಂದು ದಾರಿಯೂ ಇದೆಯಲ್ಲ, ಹವಳವನ್ನೇ ಎತ್ತಿ ಬೇರೆ ಕಡೆ ನೆಟ್ಟರಾಯಿತು ಎಂದು ಕೆಲವರು ಹೇಳುತ್ತಾರೆ. ಒಕಿನಾವಾ ಮುಖ್ಯ ದ್ವೀಪದ ಹೆನೊಕೊದಲ್ಲಿ ಅಮೆರಿಕದ ಸೇನಾನೆಲೆಗಾಗಿ ಸಮುದ್ರ ತುಂಬುವ ಕೆಲಸ 2018ರ ಡಿಸೆಂಬರಿನಲ್ಲಿ ಶುರುವಾಯಿತು. ಅದರ ಮಗ್ಗುಲಿನ ಓವುರಾ ಕೊಲ್ಲಿಯಲ್ಲಿ 2007ರಲ್ಲಿ ನೀಲಿ ಹವಳದ ದೊಡ್ಡ ತಾಣವೊಂದು ಪತ್ತೆಯಾಗಿತ್ತು. ಕಾಮಗಾರಿಯ ಜಾಗದಿಂದ ಸುಮಾರು 74,000 ಹವಳಗಳನ್ನು ಸ್ಥಳಾಂತರಿಸುವುದಾಗಿ ಸರ್ಕಾರ ಹೇಳಿತು. ಪ್ರಾಂತದ ಆಡಳಿತ ಒಪ್ಪಿಗೆ ಕೊಡಲಿಲ್ಲ. ಅವುಗಳಲ್ಲಿ ಸುಮಾರು 40,000 ಹವಳಗಳ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, 2021ರ ಜುಲೈನಲ್ಲಿ ತೀರ್ಪು ಪ್ರಾಂತದ ವಿರುದ್ಧ ಬಂತು. ಐವರು ನ್ಯಾಯಾಧೀಶರಲ್ಲಿ ಇಬ್ಬರು ಒಪ್ಪಲಿಲ್ಲ ಎಂಬುದನ್ನೂ ಗಮನಿಸಬೇಕು. ಸೇನಾನೆಲೆ ಬೇಕೋ ಬೇಡವೋ ಎಂಬುದು ಅವರ ದೇಶದ ರಾಜಕಾರಣ; ಅದಕ್ಕೆ ನಾನು ಹೋಗುವುದಿಲ್ಲ. ಎತ್ತಿ ನೆಟ್ಟ ಹವಳ ಎಷ್ಟು ಕಾಲ ಬದುಕೀತು ಎಂಬ ಬಗ್ಗೆ ಮಾತ್ರ ಜಪಾನಿನ ವಿಜ್ಞಾನಿಗಳಲ್ಲೇ ಗಾಢವಾದ ಅನುಮಾನ ಇದೆ. ಹವಳ ಒಂದು ಜಾಗದಲ್ಲಿ ಬೆಳೆದಿದೆ ಎಂದರೆ ಅಲ್ಲಿನ ಅಲೆ, ಬೆಳಕು, ಪ್ರವಾಹ ಅದಕ್ಕೆ ಒಗ್ಗಿದೆ ಎಂದರ್ಥ. ಹೊಸ ಜಾಗ ಅಷ್ಟು ಒಳ್ಳೆಯದಾಗಿದ್ದರೆ ಅಲ್ಲಿ ಹವಳ ತಾನೇ ಬೆಳೆದಿರಬೇಕಿತ್ತಲ್ಲ!

ಈಗ ನಮ್ಮ ದಡಕ್ಕೆ ಬರೋಣ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಅದರ ಸುತ್ತ ಹವಳ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಾದದ್ದು ಸ್ಕೂಬಾ ಡೈವಿಂಗ್ ಬಂದ ಮೇಲೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಹವಳ, ಮೀನುಗಳ ಬಗ್ಗೆ 2008ರಲ್ಲಿ ಸಮೀಕ್ಷೆ ಪ್ರಕಟಿಸಿದ್ದಾರೆ. ದಿಬ್ಬ ಕಟ್ಟುವ ಹವಳ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಎಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕಾಗದದಲ್ಲಿ ಕೊರತೆ ಇಲ್ಲ.

ಆದರೆ ನಮ್ಮ ಕರಾವಳಿಯೂ ಬೆಳೆಯುತ್ತಿದೆ. ಹೆದ್ದಾರಿ ಅಗಲವಾಯಿತು, ಬಂದರುಗಳ ಯೋಜನೆಗಳು ಬರುತ್ತಿವೆ, ಗುಡ್ಡ ಕಡಿಯುತ್ತಿದ್ದಾರೆ. ಜೂನಿನ ಮೊದಲ ಮಳೆಗೆ ಅಳಿವೆಗಳು ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅದರಲ್ಲಿ ಎಷ್ಟು ಮಳೆಗಾಲದ ಸಹಜ ಮಣ್ಣು, ಎಷ್ಟು ನಾವು ಕಡಿದ ಗುಡ್ಡದ ಮಣ್ಣು? ಒಂದು ಯೋಜನೆ ಬಂದಾಗ ಈ ಪ್ರಶ್ನೆ ಕೇಳಿದರೆ, ಮೊದಲು ಹೇಗಿತ್ತು ಎನ್ನುವುದಕ್ಕೆ ಪುರಾವೆ ಎಲ್ಲಿ ಎಂದು ಎದುರುಪ್ರಶ್ನೆ ಬರುತ್ತದೆ. ನಮ್ಮ ಬಾಯಿ ಕಟ್ಟುವುದು ಅಲ್ಲಿ.

ಯೋಜನೆ ಬಂದ ಮೇಲೆ ನಡೆಯುವ ಸಮೀಕ್ಷೆ ಯೋಜನೆಯವರ ಖರ್ಚಿನಲ್ಲಿ, ಅವರ ಅವಸರದಲ್ಲಿ ನಡೆಯುತ್ತದೆ. ಮೊದಲೇ ಮಾಡಿಟ್ಟ ಸಮೀಕ್ಷೆ ಊರಿನದ್ದು. ಶಿರಾಹೊದಿಂದ ನಾವು ಕಲಿಯಬೇಕಾದದ್ದು ಇದನ್ನೇ. ನೇತ್ರಾಣಿಗೆ ಹಂಗಾಮಿನಲ್ಲಿ ದಿನವೂ ಹೋಗುವ ಡೈವಿಂಗ್ ಮಾರ್ಗದರ್ಶಕರಿದ್ದಾರೆ. ಒಂದೇ ಜಾಗದಲ್ಲಿ 15 ನಿಮಿಷ ಈಜಿ, ಹಲಗೆಯ ಮೇಲೆ ನಾಲ್ಕು ಅಂಕಿ ಬರೆಯುವುದು ಅವರಿಗೆ ಹೊರೆಯಲ್ಲ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಇದೆ. ಆ ಅಂಕಿಗಳನ್ನು ತಾಳೆ ನೋಡಿ ಜೋಪಾನವಾಗಿ ಇಡಬಲ್ಲವರು ಅಲ್ಲಿದ್ದಾರೆ. ಲಂಗರು ಹಾಕುವ ಕಡೆ ಬಂಡೆ ಎಲ್ಲಿ, ಹವಳ ಎಲ್ಲಿ ಎಂದು ಭಟ್ಕಳ, ಮುರುಡೇಶ್ವರದ ಮೀನುಗಾರರಿಗೆ ಗೊತ್ತು. ನದಿಯ ಅಳಿವೆಗಳ ಬಳಿಯ ಹೈಸ್ಕೂಲುಗಳಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ, ಒಂದು ಪಾರದರ್ಶಕ ಕೊಳವೆ ಇದ್ದರೆ ನೀರಿನ ಕೆಂಪನ್ನು ಅಳೆದು ವರ್ಷ ವರ್ಷ ಬರೆದಿಡಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಬೇಕಾದದ್ದು ಬಿಡದೆ ಮಾಡುವ ಹಟ.

ಬಂದರು ಬೇಡ, ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ಇಶಿಗಾಕಿಯವರಿಗೂ ನಿಲ್ದಾಣ ಬೇಕಿತ್ತು, ಸಿಕ್ಕಿತು. ಕಾಲು ಶತಮಾನಕ್ಕೂ ಹೆಚ್ಚು ತಡವಾಗಿ, ಸರಿಯಾದ ಜಾಗದಲ್ಲಿ. ಅವರ ಸಮುದ್ರದ ಲೆಕ್ಕ ಇನ್ನೂ ಮೊದಲೇ ಊರಿನವರ ಕೈಯಲ್ಲಿದ್ದಿದ್ದರೆ ಅಷ್ಟು ತಡವೂ ಆಗುತ್ತಿರಲಿಲ್ಲವೇನೋ. ನಮ್ಮಲ್ಲಿ ಆ ಲೆಕ್ಕ ಶುರುಮಾಡಲು ಮುಂದಿನ ಮಳೆಗಾಲಕ್ಕಿಂತ ಮೊದಲಿನ ತಿಳಿನೀರಿನ ತಿಂಗಳುಗಳೇ ಸರಿಯಾದ ಹೊತ್ತು.